ಮೋಟರ್‌ಹೋಮ್ ಹಿಂದೆ ಕಾರು ಕಟ್ಟುವ ಮುನ್ನ ಹಾಕಬೇಕಾದ ತೂಕದ ಲೆಕ್ಕ

ಅಮೆರಿಕದಲ್ಲಿ ಮೋಟರ್‌ಹೋಮ್‌ನ (ಒಳಗೇ ವಾಸಿಸುವ ಸೌಕರ್ಯವಿರುವ ದೊಡ್ಡ ಗಾಡಿಯ) ಹಿಂದೆ ಕಾರೊಂದನ್ನು ಎಳೆದುಕೊಂಡು ಹೋಗುವುದು ಸಾಮಾನ್ಯ. ದೊಡ್ಡ ಗಾಡಿಯನ್ನು ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಲ್ಲಿಸಿದ ಮೇಲೆ ದಿನಸಿ ತರುವುದಕ್ಕೂ ಸುತ್ತಾಡುವುದಕ್ಕೂ ಕಾರು ಒದಗುತ್ತದೆ. ಆದರೆ ಗಾಡಿಯ ಹಿಂಭಾಗದಲ್ಲಿರುವ ಎಳೆಯುವ ಕೊಂಡಿಯಾದ ಹಿಚ್‌ನ ಮೇಲೆ 5,000 ಪೌಂಡ್ ಎಂದು ಬರೆದಿದ್ದ ಮಾತ್ರಕ್ಕೆ ಅಷ್ಟು ತೂಕವನ್ನು ಎಳೆಯಬಹುದೆಂದು ತಿಳಿಯಬಾರದು.

ಜನ, ನೀರು, ಇಂಧನ, ಸಾಮಾನು ಎಲ್ಲವೂ ಸೇರಿ ಮೋಟರ್‌ಹೋಮ್ ತೂಗಬಹುದಾದ ಗರಿಷ್ಠ ತೂಕವನ್ನು ಜಿವಿಡಬ್ಲ್ಯುಆರ್ ಎಂದೂ, ಅದರೊಂದಿಗೆ ಹಿಂದಿನ ಕಾರನ್ನೂ ಸೇರಿಸಿದ ಗರಿಷ್ಠ ತೂಕವನ್ನು ಜಿಸಿಡಬ್ಲ್ಯುಆರ್ ಎಂದೂ ಕರೆಯುತ್ತಾರೆ. ಮೋಟರ್‌ಹೋಮ್ ಕಟ್ಟಲು ಬಳಸುವ ಫೋರ್ಡ್ ಇ-450 ಚಾಸಿಯಲ್ಲಿ ಇವು ಸಾಮಾನ್ಯವಾಗಿ 14,500 ಮತ್ತು 22,000 ಪೌಂಡ್ ಇರುತ್ತವೆ. ಅಂದರೆ ಸುಮಾರು 6,580 ಮತ್ತು 9,980 ಕಿಲೊ. ಗಾಡಿ ಪೂರ್ತಿ ತುಂಬಿದ್ದರೂ ಇಲ್ಲಿ 7,500 ಪೌಂಡ್ ಉಳಿಯುವುದರಿಂದ ಹಿಚ್‌ನ 5,000 ಪೌಂಡೇ ಮಿತಿಯಾಗುತ್ತದೆ. ಆದರೆ 22,000 ಪೌಂಡ್ ಜಿವಿಡಬ್ಲ್ಯುಆರ್ ಮತ್ತು 26,000 ಪೌಂಡ್ ಜಿಸಿಡಬ್ಲ್ಯುಆರ್ ಇರುವ ಗಾಡಿ ಪೂರ್ತಿ ತುಂಬಿದಾಗ, ಹಿಚ್ ಏನೇ ಹೇಳಲಿ, ಉಳಿಯುವುದು 4,000 ಪೌಂಡ್ ಮಾತ್ರ. ಕಾರನ್ನು ಹಿಚ್‌ಗೆ ಜೋಡಿಸುವ ಟೋ ಬಾರ್, ಕಾರಿನ ಮುಂಭಾಗಕ್ಕೆ ಕೂರಿಸುವ ಬೇಸ್ ಪ್ಲೇಟ್ ಇವುಗಳಿಗೂ ತಮ್ಮದೇ ಮಿತಿಗಳಿದ್ದು, ಎಲ್ಲಕ್ಕಿಂತ ಚಿಕ್ಕ ಅಂಕಿಗೇ ಬದ್ಧರಾಗಿರಬೇಕು.

ಕಂಪನಿಯ ಕರಪತ್ರದಲ್ಲಿರುವ ತೂಕವನ್ನು ನಂಬಿ ಹೊರಡುವುದು ಸರಿಯಲ್ಲ. ಪ್ರವಾಸಕ್ಕೆ ಹೊರಡುವಂತೆಯೇ ಗಾಡಿಯನ್ನು ತುಂಬಿ, ಮನೆಮಂದಿಯನ್ನು ಕೂರಿಸಿ, ಕಾರನ್ನೂ ಕಟ್ಟಿಕೊಂಡು, ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್ ಮೇಲೆ ತೂಗಿಸಿದರೆ ಮುಂದಿನ ಆಕ್ಸೆಲ್, ಹಿಂದಿನ ಆಕ್ಸೆಲ್ ಮತ್ತು ಕಾರಿನ ತೂಕ ಬೇರೆಬೇರೆಯಾಗಿ ಚೀಟಿಯಲ್ಲಿ ಸಿಗುತ್ತದೆ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುವುದರಿಂದ 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅದೊಂದೇ 330 ಪೌಂಡ್ ಆಗುತ್ತದೆ. ಒಟ್ಟು ತೂಕ ಸರಿಯಿದ್ದರೂ ಒಂದು ಆಕ್ಸೆಲ್ ಮಿತಿ ಮೀರಿರಬಹುದು. ಚೀಟಿಯಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ.

ಮೋಟರ್‌ಹೋಮ್‌ನ ಬ್ರೇಕ್‌ಗಳನ್ನು ಮುಖ್ಯವಾಗಿ ಅದರ ಸ್ವಂತ ತೂಕವನ್ನು ನಿಲ್ಲಿಸುವುದಕ್ಕೆ ಮಾಡಿರುತ್ತಾರೆ. ಆದ್ದರಿಂದ ಕಾರಿನ ಬ್ರೇಕನ್ನು ಒತ್ತುವ ಪೂರಕ ವ್ಯವಸ್ಥೆಯನ್ನೂ, ಕೊಂಡಿ ಕಳಚಿದರೆ ತಾನಾಗಿ ಆ ಬ್ರೇಕ್ ಹಿಡಿಯುವಂತೆ ಮಾಡುವ ಬ್ರೇಕ್‌ಅವೇ ಸ್ವಿಚ್ಚನ್ನೂ ಅಳವಡಿಸಲೇಬೇಕು. ಇಳಿಜಾರಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಸುರಕ್ಷಾ ಸರಪಳಿಗಳನ್ನು ಟೋ ಬಾರ್‌ನ ಕೆಳಗೆ ಅಡ್ಡಡ್ಡವಾಗಿ ಹಾಯಿಸಬೇಕು. ಟೋ ಬಾರ್ ನೆಲಕ್ಕೆ ಸಮಾನಾಂತರವಾಗಿರಬೇಕು.

ನಾಲ್ಕೂ ಚಕ್ರಗಳನ್ನು ನೆಲದ ಮೇಲೆ ಉರುಳಿಸಿಕೊಂಡು ಎಲ್ಲ ಕಾರುಗಳನ್ನೂ ಎಳೆಯಲಾಗದು. ಎಂಜಿನ್ ನಿಂತಿರುವಾಗ ಹಲವು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೆ ಎಣ್ಣೆ ಹರಿಯುವುದಿಲ್ಲ, ಗೇರ್‌ಬಾಕ್ಸ್ ಸುಟ್ಟುಹೋಗಬಹುದು. ಜೀಪ್ ರ‍್ಯಾಂಗ್ಲರ್‌ಗೆ ಹೀಗೆ ಎಳೆಯುವವರಲ್ಲಿ ಇಷ್ಟು ಬೇಡಿಕೆ ಇರುವುದಕ್ಕೆ, ಗೇರ್‌ಬಾಕ್ಸ್‌ನಿಂದ ಚಕ್ರಗಳಿಗೆ ಶಕ್ತಿ ಹಂಚುವ ಅದರ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಬಹುದೆಂಬುದೇ ಕಾರಣ. ನಿಮ್ಮ ಕಾರಿನ ಕೈಪಿಡಿ ಒಪ್ಪದಿದ್ದರೆ ಡಾಲಿ (ಕಾರಿನ ಮುಂದಿನ ಚಕ್ರಗಳನ್ನು ಎತ್ತಿಹಿಡಿಯುವ ಚಿಕ್ಕ ಬಂಡಿ) ಅಥವಾ ಟ್ರೈಲರ್ ಬೇಕಾಗುತ್ತದೆ, ಆಗ ಅದರ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಟೋ ಬಾರ್‌ಗೆ ಕಾರು ಕಟ್ಟಿರುವಾಗ ಹಿಂದಕ್ಕೆ ಚಲಿಸಬಾರದು. ಕಾರಿನ ಮುಂದಿನ ಚಕ್ರಗಳು ಪಕ್ಕಕ್ಕೆ ತಿರುಗಿ ಟೋ ಬಾರ್ ಬಗ್ಗುತ್ತದೆ; ಇಕ್ಕಟ್ಟಾದ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿಕೊಂಡರೆ ಕಾರನ್ನು ಬಿಚ್ಚಿಯೇ ಹೊರಬರಬೇಕು.