ಎರಡೇ ತಂತಿ ಹಿಡಿದು ಜಾಝ್ ಕಲಿತೆ

16 ವರ್ಷ ಆರ್ಕೆಸ್ಟ್ರಾದಲ್ಲಿ ರಿದಮ್ ಗಿಟಾರ್ ಬಾರಿಸಿದವನು ನಾನು. ಗಣೇಶನ ಪೆಂಡಾಲು, ರಿಸೆಪ್ಷನ್ನು, ಕಾಲೇಜ್ ಡೇ. ಬಾರ್ ಕಾರ್ಡ್ (ಒಂದು ಬೆರಳನ್ನು ತಂತಿಗಳಿಗೆ ಅಡ್ಡ ಒತ್ತಿ ಹಿಡಿಯೋ ಸ್ವರಗುಚ್ಛ) ಹಿಡಿದು ಕೈ ಬೀಸಿದರೆ ಮುಗೀತು, ಹಾಡೋರು ಹಾಡಿಕೊಂಡು ಹೋಗ್ತಿದ್ದರು. 41ಕ್ಕೆ ಜಾಝ್ ಕಲೀತೀನಿ ಅಂದಾಗ ನಮ್ಮ ಕೀಬೋರ್ಡಿನವನು ಕೌಲ್‌ಬಜಾರಿನ ಚಹಾದಂಗಡಿಯಲ್ಲಿ ಎಲ್ಲರೆದುರು, "ಬಳ್ಳಾರ್ಯಾಗ ಜಾಝ್ ಕೇಳೋರು ಯಾರದಾರಣ್ಣ? ಜೀನ್ಸ್ ಹೊಲಿ, ಅದಕ್ಕಾದ್ರ ಗಿರಾಕಿ ಅದಾರ" ಅಂದ. ಜೀನ್ಸ್ ಹೊಲಿಯೋದನ್ನೇನೂ ಬಿಟ್ಟಿಲ್ಲ, 12 ಮಷೀನಿನ ಜಾಬ್‌ವರ್ಕ್ ಯೂನಿಟ್ ಈಗಲೂ ನಡೀತಿದೆ. ಆದರೆ ಹೋದ ತಿಂಗಳು ಅದೇ ಕೀಬೋರ್ಡಿನವನು ಫೋನ್ ಮಾಡಿ, "ಆ ಕಾರ್ಡ್ ಹೆಂಗ ಹಿಡೀತಿ, ಒಮ್ಮೆ ತೋರ್ಸಣ್ಣ" ಅಂದ. ಅದಕ್ಕೇ ಬರೀತಿದ್ದೀನಿ.

ಮೊದಲು ಕಳಕೊಂಡ ದುಡ್ಡಿನ ಲೆಕ್ಕ. ಒಂದು ಆನ್‌ಲೈನ್ ಕೋರ್ಸಿಗೆ 12 ಸಾವಿರದ ಹತ್ತಿರ ಹೋಯ್ತು. ಏಳೆಂಟು ತಿಂಗಳು ಡೋರಿಯನ್, ಮಿಕ್ಸೊಲಿಡಿಯನ್ ಅಂತ ಸ್ವರಶ್ರೇಣಿಗಳನ್ನ ಬಾಯಿಪಾಠ ಮಾಡಿದೆ. ಬೆರಳು ಸರಸರ ಓಡಿದವು, ಆದರೆ ಬಂದಿದ್ದು ಮಕ್ಕಳು ಸರಳೆ ವರಸೆ ಒಪ್ಪಿಸಿದ ಹಾಗೆ. ಆಮೇಲೆ ಡಬ್ಬಿ ದೊಡ್ಡದಿದ್ದರೆ ನಾದ ತಾನೇ ಬರುತ್ತೆ ಅಂದುಕೊಂಡು ಒಳಗೆ ಟೊಳ್ಳಿರೋ ಹಾಲೋಬಾಡಿ ಗಿಟಾರ್ ತಗೊಂಡೆ, 38ಓ 40ಓ ಸಾವಿರ. ಮನೆಯವಳಿಗೆ ಹೇಳಿದ್ದು 18. ಮೊದಲ ಏಪ್ರಿಲ್ಲಿಗೇ ನಮ್ಮೂರ ಬಿಸಿಲಿಗೆ ಫ್ರೆಟ್‌ಬೋರ್ಡಿನ ಕಟ್ಟಿಗೆ ಒಣಗಿ ಕುಗ್ಗಿ, ಫ್ರೆಟ್ಟಿನ (ಅಡ್ಡ ಕೂರಿಸಿದ ಲೋಹದ ಪಟ್ಟಿ) ತುದಿಗಳು ಗರಗಸದ ಹಲ್ಲಿನಂತೆ ಆಚೆ ಬಂದು ಅಂಗೈ ಗೀರಿದವು. ಬೆಂಗಳೂರಿಗೆ ಕಳಿಸಿ ಉಜ್ಜಿಸಿದ್ದಕ್ಕೆ ಬಸ್ ಪಾರ್ಸಲ್ ಸೇರಿ 3 ಸಾವಿರ. ಈಗ ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಹಾಕಿ ಗಿಟಾರಿನ ಪೆಟ್ಟಿಗೆಯೊಳಗೆ ಇಡ್ತೀನಿ, 15 ರೂಪಾಯಿ ಖರ್ಚು. ಬೇಜಾರಿಲ್ಲದ ಖರ್ಚು ಅಂದರೆ ಫ್ಲ್ಯಾಟ್‌ವೌಂಡ್ (ಮೇಲ್ಮೈ ನುಣ್ಣಗಿರೋ) ತಂತಿಯದ್ದೊಂದೇ. ಸೆಟ್ಟಿಗೆ 1,800 ಆದರೂ ಬೆರಳು ಸರಿಸಿದಾಗಿನ ಕಿರ್ರನ್ನೋ ಸದ್ದು ಹೋಯ್ತು. ಒಂದೂವರೆ ವರ್ಷ ಆಯ್ತು, ಇನ್ನೂ ಬದಲಿಸಿಲ್ಲ.

ದಾರಿ ಸಿಕ್ಕಿದ್ದು ಕಟಿಂಗ್ ಮಷೀನಿನಿಂದ. ಬ್ಲೇಡು ಎಡಗೈ ಉಂಗುರ ಬೆರಳಿಗೆ ತಗುಲಿ ನಾಲ್ಕು ಹೊಲಿಗೆ ಬಿದ್ದವು. ತಿಂಗಳುಗಟ್ಟಲೆ ಸುಮ್ಮನೆ ಕೂರೋಕಾಗಲಿಲ್ಲ. ಜಾಝ್ ಗಿಟಾರಿಸ್ಟ್ ಜಾಂಗೊ ರೈನ್‌ಹಾರ್ಟ್ 1928ರ ಬೆಂಕಿಯಲ್ಲಿ ಕೈ ಸುಟ್ಟುಕೊಂಡ ಮೇಲೆ ಎರಡೇ ಬೆರಳಲ್ಲಿ ಸೋಲೊ ನುಡಿಸಿದವನು. ಅವನ ಉಗುರಿಗೂ ನಾನು ಸಮ ಅಲ್ಲ, ಆದರೂ ಎರಡು ಬೆರಳಿಗೆ ಎರಡು ತಂತಿ ಅಂತ ಶುರು ಮಾಡಿದೆ.

ಸಿ ಅನ್ನೋದನ್ನು ಸ ಅಂದುಕೊಳ್ಳಿ. ಜಾಝಿನಲ್ಲಿ ಮೇಲಿಂದ ಮೇಲೆ ಒಂದರ ಹಿಂದೊಂದು ಬರೋ ಮೂರು ಕಾರ್ಡು ತಗೊಳ್ಳಿ. ಡಿ ಮೈನರ್ ಸೆವೆನ್ನಿನ ಜೀವ ಇರೋದು ಸ ಮತ್ತು ಮದಲ್ಲಿ. ಜಿ ಸೆವೆನ್ನಿಗೆ ನಿ ಮತ್ತು ಮ. ಸಿ ಮೇಜರ್ ಸೆವೆನ್ನಿಗೆ ನಿ ಮತ್ತು ಗ. ನೋಡಿ, ಮ ಕದಲದೆ ಕೂತಿರುತ್ತೆ, ಸ ಇಳಿದು ನಿ ಆಗುತ್ತೆ. ಆಮೇಲೆ ನಿ ಕದಲೋದಿಲ್ಲ, ಮ ಇಳಿದು ಗ ಆಗುತ್ತೆ. 4ನೇ ಮತ್ತು 3ನೇ ತಂತಿ ಮೇಲೆ 10-10, 9-10, 9-9ನೇ ಫ್ರೆಟ್. ಇಷ್ಟೇ. ಎಂಟು ತಿಂಗಳ ಕೋರ್ಸು ನನಗೆ ತೋರಿಸದೇ ಇದ್ದದ್ದು ಒಂದು ರಾತ್ರಿ, ಕರೆಂಟ್ ಹೋದಾಗ, ಹೊಲಿಗೆ ಹಾಕಿದ ಬೆರಳನ್ನು ಮೇಲೆತ್ತಿಕೊಂಡು ಕೂತಾಗ ಕೇಳಿಸಿತು. ಒಂದೇ ಒಂದು ಫ್ರೆಟ್ ಇಳಿದರೆ ಮನೆ ಬಾಗಿಲು ತೆರೆದ ಹಾಗೆ.

ಪೂರ್ತಿ ಆರು ತಂತಿಯ ಕಾರ್ಡನ್ನು ಆವತ್ತಿಗೇ ಬಿಟ್ಟೆ. ಕೌಂಟ್ ಬೇಸಿಯ ಜಾಝ್ ಬ್ಯಾಂಡಿನಲ್ಲಿ ಗಿಟಾರಿಸ್ಟ್ ಫ್ರೆಡ್ಡಿ ಗ್ರೀನ್ ದಶಕಗಟ್ಟಲೆ ಹೀಗೆ ಎರಡು ಮೂರು ಸ್ವರ ಇಟ್ಟುಕೊಂಡೇ ಮಾತ್ರೆಗೊಂದು ಪೆಟ್ಟು ಕೊಟ್ಟವನು.

ಲಯದ್ದು ಬೇರೆ ಕಥೆ. ಟಿಕ್ ಟಿಕ್ ಅಂತ ಲಯ ಹೇಳೋ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕಿಟ್ಟು, ಅದರ ಟಿಕ್ಕನ್ನು 2ನೇ ಮತ್ತು 4ನೇ ಪೆಟ್ಟು ಅಂದುಕೊಂಡು 120ರಲ್ಲಿ ನುಡಿಸಬೇಕು. ಮೊದಲ ವಾರ ಪ್ರತಿ ಸಲ ಟಿಕ್ಕು ಜಾರಿ 1ಕ್ಕೆ ಬಂದು ಕೂರುತ್ತಿತ್ತು. ಒಂದು ದಿನ ಸಿಂಗಲ್ ನೀಡಲ್ ಮಷೀನಿನ ಸದ್ದಿಗೆ ನುಡಿಸಿ ನೋಡಿದೆ. ಟೈಲರ್ ಸೊಂಟಪಟ್ಟಿಗೆ ಬಂದಾಗ ನಿಧಾನ, ನೇರ ಹೊಲಿಗೆಗೆ ಬಂದಾಗ ಓಟ. ಲಯ ಕಲಿಯೋದಿರಲಿ, ಇದ್ದದ್ದೂ ಹೋಯ್ತು.

ಇನ್ನೊಂದು ಪ್ರಯೋಗ: ಪ್ಯಾಂಟಿನ ಹಿಂದೆ ಹೊಲಿಯೋ ಚರ್ಮದ ಲೇಬಲ್ ಕತ್ತರಿಸಿ ತಂತಿ ಮೀಟೋ ಪಿಕ್ ಮಾಡಿದ್ದು. ನಾದ ಬೆಣ್ಣೆ ಹಾಗೆ ಬಂತು, ಆದರೆ ಎರಡು ಹಾಡಿಗೇ ಅಂಚು ನಾರಾಯ್ತು. ಕೊನೆಗೆ ಹೆಬ್ಬೆರಳಿಗೇ ಬಂದೆ. ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮರಿ ನುಡಿಸಿದ್ದೂ ಹೆಬ್ಬೆರಳಲ್ಲೇ, ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಕ್ಲಬ್ಬು. ಓದಿದಾಗ ನಮ್ಮ ಯೂನಿಟ್ಟಿನವನೇ ಅನ್ನಿಸಿದ. ಹೆಬ್ಬೆರಳು ಗಟ್ಟಿಯಾಗೋಕೆ ನಾನು ಏನು ಹಚ್ಚಿದೆ ಅಂತ ಮಾತ್ರ ಹೇಳೋದಿಲ್ಲ, ಅದಕ್ಕೂ ನಾಲ್ಕು ತಿಂಗಳು ಹಿಡಿದಿತ್ತು.

ಮೊದಲ ಸಲ ಸ್ಟೇಜಿನಲ್ಲಿ ಮರ್ಯಾದೆ ಹೋಯ್ತು. ರಿಸೆಪ್ಷನ್ನಿನಲ್ಲಿ ಸಿನಿಮಾ ಹಾಡಿಗೆ ನನ್ನ ಹೊಸ ಕಾರ್ಡ್ ತುರುಕಿದೆ. ಹಾಡೋ ಹುಡುಗಿಗೆ ಶ್ರುತಿ ತಪ್ಪಿತು, ಮೇಲಿಂದ ಗಿಟಾರ್ ಗುಂಯ್ ಅಂತ ಫೀಡ್‌ಬ್ಯಾಕ್ ಹೊಡೀತು. ಪೇಮೆಂಟಿನಲ್ಲಿ 500 ಮುರಿದುಕೊಂಡರು. ಮರುದಿನ ಡೆನಿಮ್ ಕಟ್‌ಪೀಸ್ ಸುತ್ತಿ ಗಿಟಾರಿನ ಎರಡೂ ಎಫ್ ಆಕಾರದ ತೂತಿಗೆ ತುರುಕಿದೆ. ಗುಂಯ್‌ಗುಡೋದು ನಿಂತಿತು, ನೋಡೋಕೂ ಚೆಂದ.

ನಿಜವಾಗಿ ಕೈ ಕೂತಿದ್ದು ಹಾರ್ಮೋನಿಯಂ ಮಾಸ್ತರ ಜೊತೆ. ಹಳ್ಳಿ ನಾಟಕಗಳಿಗೆ ನುಡಿಸಿ ನುಡಿಸಿ ಹಣ್ಣಾದವರು, 70 ದಾಟಿದೆ. ಬಿಳಿ 4ರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯನ್ನು ಸ ಮಾಡಿಕೊಂಡು, 12 ಬಾರಿನ (ನಾಲ್ಕು ಮಾತ್ರೆಯ 12 ಆವರ್ತದ) ಬ್ಲೂಸ್ ಎತ್ತಿಕೊಂಡೆವು. ಅದೇ ಎರಡು ತಂತಿ ಮೇಲೆ 7ನೇ ಫ್ರೆಟ್ಟಿನಲ್ಲಿ ಗ, 8ರಲ್ಲಿ ಕೋಮಲ ನಿ. ಎರಡನ್ನೂ ಒಂದು ಫ್ರೆಟ್ ಇಳಿಸಿದರೆ ಮ ಮೇಲೆ ಕಟ್ಟಿದ ನಾಲ್ಕನೇ ಕಾರ್ಡು, ಮೊದಲಿನ ಜಾಗದಿಂದ ಒಂದು ಫ್ರೆಟ್ ಏರಿಸಿದರೆ ಪ ಮೇಲಿನ ಐದನೆಯದು.

ಮಾಸ್ತರು ನಿಲ್ಲಿಸಿದರು. "ತಮ್ಮಾ, ಇದರಾಗ ಸ ಎಲ್ಲೈತೋ?"

"ಸ ನೀವ ಹಿಡೀರಿ ಮಾಸ್ತರ, ನಾ ಗ-ನಿ ನೋಡ್ಕೊಂತೀನಿ."

ಅವರು ಗ ಮತ್ತು ಕೋಮಲ ಗ ಎರಡನ್ನೂ ಒಟ್ಟಿಗೆ ಒತ್ತಿ, ಗಾಳಿ ಹಾಕೋ ಭಾತೆ ಬಿಡದೆ, ನನ್ನ ಮುಖ ನೋಡಿದರು. "ಅಪಸ್ವರ ಅಲ್ಲೇನೋ ಇದು?" ಅಂದವರು ಮತ್ತೆ ಮತ್ತೆ ಅದನ್ನೇ ಒತ್ತಿದರು. ಆವತ್ತು ಒಂದೂವರೆ ತಾಸು ನುಡಿಸಿದ್ದೀವಿ, ಚಹಾ ಆರಿ ಕೆನೆ ಕಟ್ಟಿತ್ತು.

ತೋರಣಗಲ್ಲಿನ ಟೌನ್‌ಶಿಪ್ಪಿನಲ್ಲಿ ಒಬ್ಬ ಇಂಜಿನಿಯರ್ ಮನೆಯ ಮದುವೆ ವಾರ್ಷಿಕೋತ್ಸವಕ್ಕೆ ಹೋದೆವು: ನಾನು, ಮಾಸ್ತರು, ತಬಲಾ ಹುಡುಗ. ಮೂವರಿಗೂ ಸೇರಿ 6 ಸಾವಿರ. ಯಾರೂ ಊಟದ ತಟ್ಟೆ ಬಿಟ್ಟು ಎದ್ದು ಬರಲಿಲ್ಲ ನಿಜ, ಆದರೆ ಒಬ್ಬರು ಬಂದು ಕೊನೆಯ ಎರಡು ಬಾರಿನಲ್ಲಿ ಏನು ನುಡಿಸಿದಿರಿ ಅಂತ ಕೇಳಿದರು. ಅದನ್ನೂ ಹೇಳೋದಿಲ್ಲ.

ಈಗ ಮಾಸ್ತರಿಗೆ ಬಿಳಿ 4 ಬೇಜಾರಾಗಿದೆಯಂತೆ, ಮುಂದಿನ ವಾರದಿಂದ ಕರಿ 2 ಅಂತಿದ್ದಾರೆ. ಅವರು ಬೆರಳೆಲ್ಲ ಹೊಸದಾಗಿ ಹುಡುಕಬೇಕು. ನನಗೇನು, ಎರಡು ಫ್ರೆಟ್ ಹಿಂದೆ ಸರಿದರೆ ಆಯ್ತು.