ಗಣಪನ ಪೀಠಕ್ಕೆ ಅಂಚುಪಟ್ಟಿ ಎಳೆಯುವ ಬಗೆ

ಮನೆಯಲ್ಲೇ ಮಣ್ಣಿನ ಗಣಪ ಮಾಡುವವರಿಗೆ ಒಂದು ಸಲಹೆ. ಪೀಠದ ಅಂಚನ್ನು ಬರೀ ಬೆರಳಲ್ಲಿ ತಿದ್ದಿದರೆ ಒಂದೇ ಸಮ ಬರುವುದು ಕಷ್ಟ, ಅಲ್ವಾ? ಅದರ ಬದಲು ಅಂಚಿನ ಪಟ್ಟಿಯನ್ನು ಬೇರೆಯಾಗಿ ಎಳೆದು ಅಂಟಿಸಬಹುದು. ಹಳೆಯ ಎಟಿಎಂ ಕಾರ್ಡಿನ ಒಂದು ಬದಿಯನ್ನು ಅಂಚಿಗೆ ಬೇಕಾದ ಆಕಾರಕ್ಕೆ ಕತ್ತರಿಸಿ, ಉಪ್ಪುಕಾಗದದಿಂದ ನುಣ್ಣಗೆ ಉಜ್ಜಿಕೊಳ್ಳಿ. ಚೂರು ಒರಟಿದ್ದರೂ ಮಣ್ಣಿನ ಮೇಲೆ ಗೆರೆ ಬೀಳುತ್ತದೆ.

ಜೇಡಿಮಣ್ಣು ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಹಲಗೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಮಣ್ಣನ್ನು ಉದ್ದಕ್ಕೆ ಹೊಸೆದಿಡಿ. ಪಕ್ಕದಲ್ಲಿ ಸ್ಕೇಲು ಒತ್ತಿ ಹಿಡಿದು, ಅದರ ಗುಂಟ ಕಾರ್ಡು ಎಳೆಯಿರಿ. ಕಾರ್ಡಿನ ಮೇಲಂಚು ಎಳೆಯುವ ಕಡೆಗೆ ಸ್ವಲ್ಪ ವಾಲಿರಬೇಕು. ಒಂದೇ ಸಲಕ್ಕೆ ಜೋರಾಗಿ ಒತ್ತಬೇಡಿ, ಮಣ್ಣು ಕಿತ್ತು ಬರುತ್ತದೆ. ಪ್ರತಿ ಸಲ ಕಾರ್ಡು ಒರೆಸಿ, ನೀರಲ್ಲಿ ಅದ್ದಿ, ಹಗುರಾಗಿ ನಾಲ್ಕೈದು ಬಾರಿ ಎಳೆದರೆ ಅಂಚು ಚೆಂದ ಮೂಡುತ್ತದೆ.

ಪಟ್ಟಿ ಹಸಿ ಇರುವಾಗಲೇ ಅದರ ಹಿಂಬದಿಗೂ ಪೀಠದ ಅಂಚಿಗೂ ಗೀರು ಹಾಕಿ, ಮಣ್ಣಿನ ಬಗ್ಗಡ ಸವರಿ ಅಂಟಿಸಿ. ನೆರಳಲ್ಲೇ ಒಣಗಿಸಿ.