ರವೆಯೋ ಹಿಟ್ಟೋ: ಪೌಡರ್ ಬ್ಲೂ ಉಳಿಸಿಕೊಂಡ ಕಥೆ

ಪೌಡರ್ ಬ್ಲೂ ಟ್ಯಾಂಗ್ ಅನ್ನೋ ಸಮುದ್ರದ ಮೀನು ತಂದಿದ್ದೀನಿ ಅಂದಾಗ ನಮ್ಮ ಉಪ್ಪುನೀರಿನ ಅಕ್ವೇರಿಯಂ ಗುಂಪಿನಲ್ಲಿ ಯಾರೂ ಖುಷಿಪಡಲಿಲ್ಲ. ಒಬ್ಬ ಮಾತ್ರ, "ಎಷ್ಟು ದಿನ ಅಂತ ಬೆಟ್ ಕಟ್ಟೋಣ್ವಾ?" ಅಂದ. ತಪ್ಪೇನಿಲ್ಲ ಬಿಡಿ. ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗ, ನಾವು ಚುಕ್ಕೆ ರೋಗ ಅನ್ನೋದು, ಬರಲಿ ಅಂತಲೇ ಹುಟ್ಟಿದ ಮೀನು ಅದು. ಮೊನ್ನೆ ಸಂಕ್ರಾಂತಿಗೆ ಹನ್ನೊಂದು ತಿಂಗಳಾಯಿತು. ಬೆಟ್ ಕಟ್ಟಿದವನು ಇನ್ನೂ ಬಿರಿಯಾನಿ ಕೊಡಿಸಿಲ್ಲ.

ನನ್ನದು ಶಿಡ್ಲಘಟ್ಟದಲ್ಲಿ ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಮನೆ ಪಕ್ಕದ ಹಳ್ಳಿಯಲ್ಲಿ. ಅಪ್ಪ ಈಗಲೂ ಬೆಳೆಗೆ ನೂರೈವತ್ತು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಗುಂಪಿಗೆ ಒಂದು ಲೆಕ್ಕ) ರೇಷ್ಮೆ ಹುಳು ಮೇಯಿಸುತ್ತಾರೆ. ಉಪ್ಪುನೀರಿನ ಐದಡಿ ಟ್ಯಾಂಕ್ ಹಜಾರದಲ್ಲಿದೆ, ಹುಳು ಮನೆಯಿಂದ ಹತ್ತು ಹೆಜ್ಜೆ ದೂರ. ಐದಡಿ ಆ ಮೀನಿಗೆ ಸಾಲದು ಅಂತ ಬೈಯುವವರು ಬೈಯಿರಿ, ಒಪ್ಪುತ್ತೇನೆ.

ಗೆದ್ದಿದ್ದು ಹೇಳುವ ಮೊದಲು ಸೋತಿದ್ದು ಹೇಳಬೇಕು. ದುಡ್ಡು ಹೋಗಿದ್ದು ಅಲ್ಲೇ.

ಈ ಮೀನು ತರುವ ಮುಂಚೆ, ಬೇರೆ ಮೀನುಗಳಿಗೆ ಚುಕ್ಕೆ ಬಂದಾಗ, ಮೊದಲನೇ ಸಲ ನೀರಿನ ಉಪ್ಪು ಇಳಿಸಿ ನೋಡಿದೆ. ನೀರಿನ ಸಾಂದ್ರತೆಯನ್ನ 1.009ಕ್ಕೆ ತರಬೇಕು. ನನ್ನ ಹತ್ತಿರ ಇದ್ದದ್ದು ಮುಳ್ಳು ತೂಗಾಡುವ ಪ್ಲಾಸ್ಟಿಕ್ ಡಬ್ಬಿ. ಅದು 1.009 ತೋರಿಸುತ್ತಿತ್ತು. ಮೂರು ವಾರ ನಂಬಿ ಕೂತೆ. ಆಮೇಲೆ ಗೆಳೆಯನ ಹತ್ತಿರ ಇದ್ದ, ಉಪ್ಪು ಸರಿಯಾಗಿ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದರೆ 1.013 ಹತ್ತಿರ. ಆ ಮಟ್ಟದಲ್ಲಿ ಚುಕ್ಕೆ ರೋಗ ತರುವ ಹುಳ ಆರಾಮಾಗಿ ಬದುಕುತ್ತೆ. ಮೀನಿಗೆ ತೊಂದರೆ, ಹುಳಕ್ಕೆ ಹಬ್ಬ. ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್ ಮೀನು ಹೋದವು.

ಎರಡನೇ ಸಲ ತಾಮ್ರ. ಇಲ್ಲಿ ನನ್ನ ಬುದ್ಧಿವಂತಿಕೆ ಕೇಳಿ. ನಮ್ಮ ಕಡೆ ದ್ರಾಕ್ಷಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದಕ್ಕೆ ಬೇಕಾದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಯಾವ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತೆ. ಬಾಟಲಿ ಔಷಧಿಗೆ ಸಾವಿರಗಟ್ಟಲೆ ಯಾಕೆ ಕೊಡಬೇಕು ಅಂತ ಅದನ್ನೇ ಕರಗಿಸಿ ಹಾಕಿದೆ. ಅದೂ ದೊಡ್ಡ ಟ್ಯಾಂಕಿಗೇ. ತಾಮ್ರ ಹವಳವನ್ನ ಕೊಲ್ಲುತ್ತೆ, ಆದರೆ ಹವಳ ನಾನು ಇಟ್ಟಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಬಿಡೋದಿಲ್ಲ. ಹಾಗಾಗಿ ತಾಮ್ರದಿಂದ ಏನು ನಷ್ಟ ಅಂದುಕೊಂಡೆ. ಮರಳು, ಕಲ್ಲು ಎಲ್ಲ ಸುಣ್ಣದ ಅಂಶದ್ದು ಅನ್ನೋದು ತಲೆಗೇ ಬರಲಿಲ್ಲ. ಹಾಕಿದ ತಾಮ್ರವನ್ನ ಅವು ಕುಡಿದುಬಿಟ್ಟವು. ಚುಕ್ಕೆ ಕಮ್ಮಿ ಆಗಲಿಲ್ಲ ಅಂತ ಮತ್ತೆ ಹಾಕಿದೆ. ತಾಮ್ರ ಅಳೆಯುವ ಟೆಸ್ಟ್ ಕಿಟ್ ಇರಲಿಲ್ಲ. 0.15ರಿಂದ 0.20 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಒಳಗೆ ನಿಲ್ಲಿಸಬೇಕಾದ್ದನ್ನ ಕಣ್ಣಂದಾಜಿನಲ್ಲಿ ಮಾಡಿದೆ. ಮೊದಲು ಬಸವನಹುಳು, ಏಡಿ ಸತ್ತವು. ದೀಪಾವಳಿ ಮಾರನೇ ದಿನ ಬೆಳಗ್ಗೆ ಎದ್ದರೆ ಮೀನುಗಳು ತಳದಲ್ಲಿ. ತಾಮ್ರ ಹೀರಿದ ಕಲ್ಲನ್ನ ಮತ್ತೆ ಬಳಸೋಕೆ ಧೈರ್ಯ ಬರಲಿಲ್ಲ. ಆರೂವರೆ ಸಾವಿರದ ಕಲ್ಲು, ಮರಳು ಈಗ ಅಮ್ಮನ ತುಳಸಿ ಕಟ್ಟೆ ಸುತ್ತ ಇದೆ. ಮೀನಿನ ಲೆಕ್ಕ ಬೇರೆ, ಎರಡು ಸಲದ್ದು ಸೇರಿ ಹನ್ನೆರಡು ಸಾವಿರ ಇರಬಹುದು.

ನಡುವೆ ಬೆಳ್ಳುಳ್ಳಿ ರಸವೂ ಆಯಿತು. ಅಂಗಡಿಯವರೊಬ್ಬರು ಹೇಳಿದ್ದು. ಆಹಾರಕ್ಕೆ ಹಿಂಡಿ ಕೊಟ್ಟೆ, ಎರಡು ದಿನದಲ್ಲಿ ಚುಕ್ಕೆ ಮಾಯ! ಊರಿಗೆಲ್ಲ ಹೇಳಿಕೊಂಡು ಬಂದೆ. ಒಂದು ವಾರಕ್ಕೆ ಹತ್ತರಷ್ಟು ಬಂತು. ಚುಕ್ಕೆ ಮಾಯ ಆಗಿದ್ದು ಬೆಳ್ಳುಳ್ಳಿಗಲ್ಲ. ಹುಳ ಹೊಟ್ಟೆ ತುಂಬಿ ತಾನಾಗೇ ಉದುರಿ, ತಳದಲ್ಲಿ ಮರಿ ಮಾಡೋಕೆ ಹೋಗಿತ್ತು, ಅಷ್ಟೇ.

ಇದನ್ನೆಲ್ಲ ಒಂದು ರಾತ್ರಿ ಊಟಕ್ಕೆ ಕೂತಾಗ ಗೊಣಗುತ್ತಿದ್ದೆ. ಅಪ್ಪ ಮುದ್ದೆ ಮುರಿಯುತ್ತಾ, "ಲೋ, ಹುಳುಗೆ ರೋಗ ಬಂದ್ರೆ ಹುಳುಗೆ ಔಷಧಿ ಕುಡಿಸ್ತೀವೇನೋ? ಹಾಸಿಗೆ ತೆಗೀತೀವಿ, ಮನೆ ತೊಳೀತೀವಿ" ಅಂದರು. ಹಾಸಿಗೆ ಅಂದರೆ ಹುಳುವಿನ ಕೆಳಗೆ ಉಳಿದ ಹಳೇ ಸೊಪ್ಪು, ಹಿಕ್ಕೆ. ಅಷ್ಟು ಹೇಳಿ ಸಾರು ಬಡಿಸಿಕೊಂಡರು.

ಟ್ಯಾಂಕ್ ಟ್ರಾನ್ಸ್‌ಫರ್ ಬಗ್ಗೆ ನಾನು ಮೊದಲೇ ಓದಿದ್ದೆ. ಆದರೆ ಅದು ಹಾಸಿಗೆ ತೆಗೆಯೋದೇ ಅಂತ ಹೊಳೆದಿದ್ದು ಆವತ್ತು. ಮೀನಿನ ಮೈಮೇಲಿನ ಹುಳ ಮೂರರಿಂದ ಏಳು ದಿನದಲ್ಲಿ ಉದುರುತ್ತೆ. ಉದುರಿದ್ದು ಗೂಡು ಕಟ್ಟಿ ಒಡೆಯೋಕೆ ಕಮ್ಮಿ ಅಂದರೂ ಮೂರು ದಿನ ಬೇಕು. ಅಷ್ಟರೊಳಗೆ ಮೀನನ್ನ ಬೇರೆ ತೊಟ್ಟಿಗೆ ಎತ್ತಿಬಿಟ್ಟರೆ ಮರಿಗಳು ಖಾಲಿ ತೊಟ್ಟಿಯಲ್ಲಿ ಹುಡುಕಾಡಿ ಸಾಯುತ್ತವೆ. ಹುಳವನ್ನ ಕೊಲ್ಲೋ ಕೆಲಸವೇ ಇಲ್ಲ, ಮನೆ ಬದಲಿಸಿದರೆ ಸಾಕು.

ಬೆಂಗಳೂರಿನ ಗೆಳೆಯ ನಕ್ಕ. ಅವನ ಟ್ಯಾಂಕ್ ನನ್ನದಕ್ಕಿಂತ ಮೂರು ಪಟ್ಟು. "ಟ್ಯಾಂಗನ್ನ ಮೂರು ದಿನಕ್ಕೊಂದ್ಸಲ ಹಿಡಿದ್ರೆ ಹೆದರ್ಕೊಂಡೇ ಸಾಯುತ್ತೆ ಗುರು" ಅಂದ.

ಅಳಿದುಳಿದ ಹುಳ ಮೀನು ಸಿಗದೆ ಸಾಯಲಿ ಅಂತ ದೊಡ್ಡ ಟ್ಯಾಂಕನ್ನ ಹೊಸ ಕಲ್ಲು ಹಾಕಿ 76 ದಿನ ಮೀನಿಲ್ಲದೆ ಓಡಿಸಿದೆ. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಉಳಿಯಲಿ ಅಂತ ದಿನಾ ಒಂದು ಚಿಟಿಕೆ ಆಹಾರ. "ಮೀನಿಲ್ಲದ ತೊಟ್ಟಿಗೆ ಕರೆಂಟ್ ಬಿಲ್ ಕಟ್ತೀಯಲ್ಲೋ" ಅಂತ ಅಮ್ಮ ಬೈದಿದ್ದು ಎಷ್ಟು ಸಲವೋ. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ಬೆಳೆ ಮುಗಿದ ಮೇಲೆ ಹುಳು ಮನೆಗೆ ಬ್ಲೀಚಿಂಗ್ ಹೊಡೆದು ಖಾಲಿ ಬಿಡುವವರು ಅವರು.

ಶಿವರಾತ್ರಿ ಸುಮಾರಿಗೆ ಮೀನು ತಂದೆ. ಮೂರು ಇಂಚು, ಮೂರು ಸಾವಿರದ ಎಂಟುನೂರು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತೊಡೆ ಮೇಲೆ ಇಟ್ಟುಕೊಂಡು ದೇವನಹಳ್ಳಿ, ಅದರ ಪಕ್ಕದ ವಿಜಯಪುರ ದಾರಿಯ ಬಸ್ಸಿನಲ್ಲಿ ಬಂದೆ. ಪಕ್ಕದವರು ಐಸ್‌ಕ್ರೀಮ್ ಏನಪ್ಪಾ ಅಂದರು.

ನೇರ ಟಬ್ಬಿಗೆ. ಎರಡು ಪ್ಲಾಸ್ಟಿಕ್ ಟಬ್, ಒಂದೊಂದಕ್ಕೂ ನಲವತ್ತು ಲೀಟರ್ ನೀರು. ಅಡಗೋಕೆ ಪಿವಿಸಿ ಎಲ್ಬೋ, ಒಂದು ಏರ್ ಸ್ಟೋನ್, ಒಂದು ಹೀಟರ್. ಮರಳಿಲ್ಲ, ಕಲ್ಲಿಲ್ಲ. ನಮ್ಮ ಬೋರ್ ಸಾವಿರದ ಇನ್ನೂರು ಅಡಿ, ಟಿಡಿಎಸ್ (ಕರಗಿದ ಲವಣ) ಸಾವಿರ ದಾಟುತ್ತೆ. ಹಾಗಾಗಿ ಊರಿನ ಶುದ್ಧ ನೀರಿನ ಘಟಕದಿಂದ ಐದು ರೂಪಾಯಿಯ ಕ್ಯಾನ್. ಅದು ಎಪ್ಪತ್ತರ ಆಸುಪಾಸು ಬರುತ್ತೆ. ಟಬ್ಬಿಗೆ ಸಾಕು, ದೊಡ್ಡ ಟ್ಯಾಂಕಿಗೆ ಮಾತ್ರ ಬೇಡ.

ಎರಡನೇ ದಿನ ಸಂಜೆ ಮೀನು ಎಲ್ಬೋಗೆ ಮೈ ಉಜ್ಜೋಕೆ ಶುರು ಮಾಡಿತು. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಎಡ ರೆಕ್ಕೆಯಲ್ಲಿ ಏಳೆಂಟು ಬಿಳಿ ಚುಕ್ಕೆ. ಇಲ್ಲೇ ಎಲ್ಲರೂ ಎಡವೋದು. ಚುಕ್ಕೆ ರವೆ ಕಾಳಿನ ಹಾಗೆ ಬಿಡಿ ಬಿಡಿಯಾಗಿ ಎಣಿಸೋಕೆ ಬಂದರೆ ಇಕ್, ಅಂದರೆ ನಾನು ಹೇಳುತ್ತಿರುವ ಚುಕ್ಕೆ ರೋಗ. ಹಿಟ್ಟು ಉದುರಿಸಿದ ಹಾಗಿದ್ದು, ಮೀನು ಬೆಳಕಿಗೆ ಅಂಜಿ ಏರ್ ಸ್ಟೋನ್ ಮುಂದೆ ನಿಂತು ಏದುಸಿರು ಬಿಡುತ್ತಿದ್ದರೆ ವೆಲ್ವೆಟ್ ಅನ್ನೋ ಬೇರೆ ರೋಗ. ಅದಕ್ಕೆ ನನ್ನ ಈ ವಿದ್ಯೆ ನಡೆಯೋದಿಲ್ಲ. ಅದರ ಚಕ್ರ ಇನ್ನೂ ಬೇಗ ತಿರುಗುತ್ತೆ. ಕಿಟ್ ಇಟ್ಟುಕೊಂಡು ಸರಿಯಾದ ತಾಮ್ರವೇ ಬೇಕು, ಅದೂ ಅವತ್ತೇ. ನನ್ನದು ರವೆ. ಉಸಿರೂ ಸರಿಯಿತ್ತು.

ಮೈಗೆ ಅಂಟುವ ಚಪ್ಪಟೆ ಹುಳ, ಫ್ಲೂಕ್, ಅದರ ಅನುಮಾನವೂ ಇತ್ತು. ಕರಿ ಬಕೆಟ್ಟಿನಲ್ಲಿ ಕ್ಯಾನ್ ನೀರು, ಚಿಟಿಕೆ ಅಡಿಗೆ ಸೋಡಾ, ಟಬ್ಬಿನಷ್ಟೇ ಬಿಸಿ. ಐದು ನಿಮಿಷ ಸಿಹಿನೀರಿನ ಸ್ನಾನ. ಮೀನು ಒಂದು ಕ್ಷಣ ಮಗ್ಗುಲಾಗಿ ಬಿದ್ದಾಗ ನನ್ನ ಎದೆ ಧಸಕ್ ಅಂತು. ಎತ್ತಿದ ಮೇಲೆ ನೋಡಿದರೆ ತಳದಲ್ಲಿ ಮೂರು, ಎಳ್ಳಿನ ಸಿಪ್ಪೆಯ ಹಾಗೆ ಬೆಳ್ಳಗೆ. ಮನೆ ಬದಲಿಸೋದರಿಂದ ಇವು ಹೋಗೋದಿಲ್ಲ, ಇಕ್ ಮಾತ್ರ ಹೋಗೋದು. ಹಾಗಾಗಿ ಎರಡನೇ, ನಾಲ್ಕನೇ ಸರದಿಯ ಟಬ್ಬಿಗೆ ಫ್ಲೂಕ್ ಕೊಲ್ಲುವ ಪ್ರಾಜಿಕ್ವಾಂಟೆಲ್ ಸೇರಿಸಿದೆ. ಅದು ನೀರಲ್ಲಿ ಸುಲಭಕ್ಕೆ ಕರಗೋದಿಲ್ಲ. ಯಾವುದರಲ್ಲಿ ಕರಗಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಬದಲಿಸುವ ಹೊತ್ತು ಬೆಳಗ್ಗೆ ಐದೂವರೆ. ಹುಳ ಜಾಸ್ತಿ ಉದುರೋದು ಕತ್ತಲಲ್ಲಿ. ಉದುರಿದ್ದನ್ನ ಹಳೇ ಟಬ್ಬಿನಲ್ಲೇ ಬಿಟ್ಟು ಬರಬೇಕು. 72 ಗಂಟೆ ಅಂದರೆ ಅದು ಗಡಿ, ನಾನು ಒಂದೆರಡು ಗಂಟೆ ಮೊದಲೇ ಎತ್ತುತ್ತೇನೆ. ಬಲೆ ಬಳಸಬೇಡಿ. ಟ್ಯಾಂಗಿನ ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತೆ. ಬಿಡಿಸೋಕೆ ಹೋಗಿ ತೋರುಬೆರಳು ಸೀಳಿಸಿಕೊಂಡೆ, ಗುರುತು ಈಗಲೂ ಇದೆ. ಆಮೇಲೆ ಅಮ್ಮನ ಅಕ್ಕಿ ತೊಳೆಯುವ ತೂತಿನ ಬುಟ್ಟಿ. ನೀರು ಸೋರಿ ಮೀನು ಮಾತ್ರ ಉಳಿಯುತ್ತೆ, ಎರಡು ಸೆಕೆಂಡು. ಬುಟ್ಟಿ ಅಮ್ಮನಿಗೆ ವಾಪಸ್ ಹೋಗಲಿಲ್ಲ, ಹೊಸದು ಕೊಡಿಸಿದೆ.

ಖಾಲಿಯಾದ ಟಬ್, ಎಲ್ಬೋ, ಪೈಪು ಎಲ್ಲಕ್ಕೂ ಹುಳು ಮನೆಯ ಬ್ಲೀಚಿಂಗ್ ನೀರು, ಆಮೇಲೆ ಚೆನ್ನಾಗಿ ತೊಳೆದು ಬಿಸಿಲು. ಏರ್ ಸ್ಟೋನ್ ಮಾತ್ರ ಹೊಸದು, ಹತ್ತು ರೂಪಾಯಿಗೆ ಜಿಪುಣತನ ಬೇಡ. ಮೂರನೇ ದಿನಕ್ಕೆ ಮೀನಿನ ಹೊಲಸಿನಿಂದ ವಿಷದ ಅಮೋನಿಯಾ ಏರುತ್ತೆ, ಅದನ್ನ ಕಟ್ಟಿಹಾಕುವ ದ್ರಾವಣ ಹಾಕಿ ಊಟ ಕಮ್ಮಿ ಮಾಡಿ.

ಎಲ್ಲ ಚೆನ್ನಾಗಿ ನಡೀತಿತ್ತು. ಮೂರನೇ ಸರದಿಯ ಹೊತ್ತಿಗೆ ಒಂದೂ ಚುಕ್ಕೆ ಇಲ್ಲ. ಅಷ್ಟರಲ್ಲಿ ಚಿಂತಾಮಣಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಸೋಮವಾರ ಬೆಳಗ್ಗೆ ವಾಪಸ್ ಬರ್ತೀನಿ ಅಂತ ಹೋದವನು ಮನೆ ಸೇರಿದ್ದು ಮಧ್ಯಾಹ್ನ ಮೂರಕ್ಕೆ. 81 ಗಂಟೆ. ಮೀನು ಚೆನ್ನಾಗೇ ಇತ್ತು. ಬಿಟ್ಟುಬಿಡೋಣ ಅನ್ನಿಸಿತು. ಆದರೆ ಬೆಳ್ಳುಳ್ಳಿ ನೆನಪಾಯಿತು. ಮತ್ತೆ ಒಂದರಿಂದ ಎಣಿಕೆ, ನಾಲ್ಕು ಬದಲು. ಒಟ್ಟು ಎಂಟು ಟಬ್ ನೀರು, ಹನ್ನೊಂದು ಕೆಜಿ ಚಿಲ್ಲರೆ ಉಪ್ಪು, ಎರಡು ಸಾವಿರದ ಎಂಟುನೂರು. ಟಬ್ಬು, ಹೀಟರು, ಪಂಪು, ಪ್ರಾಜಿ ಎಲ್ಲ ಸೇರಿ ಐದು ಸಾವಿರದ ಮೇಲೆ ಸ್ವಲ್ಪ. ಮೀನಿಗಿಂತ ಜಾಸ್ತಿ ಅಂತ ನಕ್ಕವರಿಗೆ ತುಳಸಿ ಕಟ್ಟೆ ತೋರಿಸುತ್ತೇನೆ.

ಕೊನೇ ಟಬ್ಬಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಪಳಗಿದ ಸ್ಪಂಜ್ ಫಿಲ್ಟರ್ ಹಾಕಿ, ಚುಕ್ಕೆ ಮತ್ತೆ ಬರುತ್ತಾ ಅಂತ ಎರಡು ವಾರ ನೋಡಿದೆ. ಆ ಬಿಡುವಿನಲ್ಲಿ ಸುಮ್ನೆ ಕೂರಲಾಗದೆ ಹಿಪ್ಪುನೇರಳೆ ಸೊಪ್ಪು ಬಿಸಿನೀರಲ್ಲಿ ಅದ್ದಿ ಕ್ಲಿಪ್ಪಿಗೆ ಸಿಕ್ಕಿಸಿದೆ. ಕಚ್ಚಿತು, ಉಗುಳಿತು, ಮತ್ತೆ ತಿರುಗಿ ನೋಡಲಿಲ್ಲ. ನೋರಿ ಅನ್ನೋ ಸಮುದ್ರದ ಪಾಚಿ ಹಾಳೆಯೇ ಬೇಕು ಮಹಾರಾಜರಿಗೆ. ಆಮೇಲೆ ಬೇರೆ ಮೀನುಗಳು ಬಂದಾಗ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಯಿಂದ ಪ್ಯೂಪಾ (ಗೂಡಿನೊಳಗಿನ ಹುಳು) ತಂದು ಒಣಗಿಸಿ ಪುಡಿ ಮಾಡಿ ಹಾಕಿದೆ. ಮುಗಿಬಿದ್ದು ತಿಂದವು. ಆದರೆ ನೀರಿನ ಮೇಲೆ ಎಣ್ಣೆ ಪದರ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಕೆಟ್ಟುಹೋಯಿತು, ಹಜಾರದ ತುಂಬ ರೀಲಿಂಗ್ ಮನೆಯ ವಾಸನೆ. ಎಣ್ಣೆ ತೆಗೆದು ಮತ್ತೊಮ್ಮೆ ನೋಡಬೇಕು.

ಹೊಸ ಮೀನು ಅಂಗಡಿಯಲ್ಲಿ ಚೆನ್ನಾಗಿತ್ತು, ಕ್ವಾರಂಟೈನ್ ಯಾಕೆ ಅಂತ ಈಗಲೂ ಕೇಳುತ್ತಾರೆ. ರೇಷ್ಮೆ ಹುಳುವನ್ನ ಕೊಲ್ಲುವ ಊಜಿ ನೊಣ ನಮ್ಮ ರಾಜ್ಯಕ್ಕೆ ಬಂದಿದ್ದು ಹೇಗೆ ಅಂತ ಅಪ್ಪನ ವಯಸ್ಸಿನವರನ್ನ ಕೇಳಿ. 1980ರಲ್ಲಿ ಬಂಗಾಳದಿಂದ ಬಂದ ಗೂಡಿನ ಜೊತೆ ಬಂತು. ಇವತ್ತಿಗೂ ಹುಳು ಮನೆ ಕಿಟಕಿಗೆ ನೈಲಾನ್ ಪರದೆ ಕಟ್ಟುತ್ತಲೇ ಇದ್ದೇವೆ.

ನಕ್ಕ ಬೆಂಗಳೂರಿನ ಗೆಳೆಯ ಹೋದ ವಾರ ಫೋನ್ ಮಾಡಿದ್ದ. ಅವನ ಟ್ಯಾಂಗಿಗೆ ಚುಕ್ಕೆಯಂತೆ. ಫೋಟೋ ಕಳಿಸು ಅಂದೆ. ರವೆಯೇ. ಟಬ್ ಎಷ್ಟು ಲೀಟರ್ದು ತರಲಿ ಅಂತ ಕೇಳಿದ, ಹೇಳಿದೆ. ಪ್ರಾಜಿ ಯಾವುದರಲ್ಲಿ ಕರಗಿಸಬೇಕು ಅಂದ. ಮೊದಲು ಬಿರಿಯಾನಿ ಅಂದೆ. ಬೆಟ್ ಕಟ್ಟಿದ್ದು ಅವನೇ.